ಕಾಲು ಎಟುಕುತ್ತಾ?

ಹೆಣ್ಣುಮಗಳೊಬ್ಬಳು ಬೈಕ್ ತಗೊಳ್ಳುತ್ತೇನೆ ಅಂದಳೋ, ಎದುರಿಗಿದ್ದವರ ಕಣ್ಣು ಅವಳ ಮುಖದಿಂದ ಇಳಿದು ನೇರ ಪಾದಕ್ಕೆ ಹೋಗುತ್ತದೆ. ಆಮೇಲೆ ಪ್ರಶ್ನೆ: "ಕಾಲು ಎಟುಕುತ್ತಾ?" ಗಂಡುಮಕ್ಕಳಿಗೆ ಈ ಪರೀಕ್ಷೆ ಇಲ್ಲ. ಅವರನ್ನು "ಮೈಲೇಜ್ ಎಷ್ಟು?" ಎಂದು ಕೇಳಿ ಬಿಟ್ಟುಬಿಡುತ್ತಾರೆ. ನಮ್ಮ ಅಣ್ಣನ ಮಗಳು ತೋಟದ ದಾರಿ, ಹಳ್ಳ, ಕಾಡಂಚಿನ ಕೆಮ್ಮಣ್ಣಿನ ಏರು ಓಡಿಸೋಕೆ ಒಂದು ಡರ್ಟ್ ಬೈಕ್ ಬೇಕು ಅಂದ ದಿನದಿಂದ ಈ ಪ್ರಶ್ನೆಯನ್ನು ಕೇಳದೆ ಬಿಟ್ಟವರು ನಮ್ಮ ಮನೆ ನಾಯಿ ಮಾತ್ರ.

ನಮ್ಮ ಮನೆತನದ ಹೆಂಗಸರು ಐದಡಿ ದಾಟಿದವರಲ್ಲ. ಅಜ್ಜಿ, ನಾನು, ಈ ಹುಡುಗಿ, ಮೂರು ತಲೆಮಾರೂ ಒಂದೇ ಗೆರೆಗೆ ನಿಂತಿದ್ದೇವೆ. ಅವಳ ತೂಕವೂ ಅಷ್ಟಕ್ಕಷ್ಟೆ, ಊಟ ಮಾಡಿ ನಿಂತರೆ ನಲವತ್ತಾರು ಕಿಲೋ. ಬೆಂಗಳೂರಲ್ಲಿ ಕೆಲಸ. ಡಾಕರ್ ರ‍್ಯಾಲಿಯನ್ನು ಮೊದಲು ಓಡಿದ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. 2015ರಲ್ಲಿ ಆ ರ‍್ಯಾಲಿಯನ್ನು ಮುಗಿಸಿ ಬಂದ ಆತ ಕೋಲಾರದ ಕಡೆ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕ್‌ಗೆ ಇವಳು ರಜೆಯಲ್ಲಿ ಹೋಗಿ, ಮಣ್ಣಲ್ಲಿ ಬಿದ್ದೆದ್ದು ಕಲಿತು ಬಂದಿದ್ದಳು. ಕಲಿತದ್ದು ಮನೆಗೆ ಗೊತ್ತಾಗಿದ್ದು ಬಟ್ಟೆ ಒಗೆಯುವಾಗ.

ಸಲಹೆಗಳಿಗೆ ಬರವಿರಲಿಲ್ಲ. ಮೊದಲನೆಯವನು ನಮ್ಮ ದೊಡ್ಡಪ್ಪನ ಮಗ. ಅವನ ಪ್ರಕಾರ ಯಮಹಾ ಆರ್‌ಎಕ್ಸ್ 100ರ ನಂತರ ಭೂಮಿಯ ಮೇಲೆ ಬೈಕೇ ಹುಟ್ಟಿಲ್ಲ. ಅದು 1996ಕ್ಕೇ ನಿಂತುಹೋಯಿತು ಅಂದರೆ, "ನಿಂತಿದ್ದು ಕಂಪನಿ, ಬೈಕಲ್ಲ" ಅನ್ನುತ್ತಾನೆ. ಮಾತಲ್ಲಿ ಹುರುಳಿಲ್ಲದಿಲ್ಲ. ಮಲೆನಾಡಿನ ಗದ್ದೆ ಬಯಲಿನ ರೇಸುಗಳಲ್ಲಿ ಹ್ಯಾಂಡಲ್ ಎತ್ತರಿಸಿ, ಸ್ಪ್ರಾಕೆಟ್ ಬದಲಿಸಿ, ಹೊಗೆ ಬಿಟ್ಟುಕೊಂಡು ಕೆಸರು ಹಾರಿಸಿದ ಆರ್‌ಎಕ್ಸ್‌ಗಳನ್ನು ನಾನೂ ಕಂಡಿದ್ದೇನೆ. ನೂರು ಕಿಲೋ ಆಸುಪಾಸಿನ, ಸೀಟು ತಗ್ಗಿನ ಗಾಡಿ, ಕುಳ್ಳಗಿದ್ದವರಿಗೆ ದೇವರು ಕೊಟ್ಟ ಹಾಗೆ. ಆದರೆ ಈಗ ಅದರ ಬೆಲೆ ಕೇಳಿದರೆ ಅಡಿಕೆ ಮಾರಿ ಬಂದವರೂ ತಲೆ ಕೆರೆದುಕೊಳ್ಳುತ್ತಾರೆ. ಅಲ್ಲದೆ ಅದರ ಸಸ್ಪೆನ್ಷನ್ನು ಡಾಂಬರಿಗೆ ಮಾಡಿದ್ದು. ಕಲ್ಲಿನ ಮೇಲೆ ಓಡಿಸಿದರೆ ಬೆನ್ನುಮೂಳೆಯೇ ಸ್ಪ್ರಿಂಗ್ ಕೆಲಸ ಮಾಡಬೇಕು.

ಅಳತೆಯಿಂದ ಶುರುಮಾಡೋಣ ಅಂದಳು ಹುಡುಗಿ. ಬೈಕ್ ಆರಿಸುವಾಗ ಲೆಕ್ಕಕ್ಕೆ ಬರುವುದು ತಲೆಯಿಂದ ಕಾಲಿನ ತನಕದ ಎತ್ತರಕ್ಕಿಂತ ತೊಡೆಸಂದಿನಿಂದ ನೆಲದ ತನಕದ ಉದ್ದ. ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕಾಲ ನಡುವೆ ಸೀಟಿನ ಹಾಗೆ ಒತ್ತಿ ಹಿಡಿದು, ಅದರ ಮೇಲಂಚಿಗೆ ಗುರುತು ಹಾಕಿ ಟೇಪು ಹಿಡಿಯಬೇಕಂತೆ. ಪುಸ್ತಕದ ಕಪಾಟಿಗೆ ಕೈ ಹಾಕಿದ್ದೇ ತಡ, ಅಜ್ಜಿ ಎದ್ದು ಬಂದರು. ಸರಸ್ವತಿಯನ್ನು ಇಡುವ ಜಾಗವೇ ಅದು? ಸರಿ, ಚಪಾತಿ ಮಣೆ ತರಹೋದರೆ ಅತ್ತಿಗೆ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಳು. ಕೊನೆಗೆ ಹಿತ್ತಲಲ್ಲಿ ಗಾರೆ ಕೆಲಸ ಮಾಡುತ್ತಿದ್ದವರ ಮಟ್ಟಗೋಲು ಬಂತು. ಅದರೊಳಗಿನ ನೀರಗುಳ್ಳೆ ನಡುವೆ ನಿಂತು, ಯಾವ ದೇವತೆಗೂ ಅಪಚಾರವಾಗದೆ, ಎಪ್ಪತ್ತು ಸೆಂಟಿಮೀಟರು ಎಂದು ಪಕ್ಕಾ ಲೆಕ್ಕ ಸಿಕ್ಕಿತು. ಬೂಟಿನ ಅಟ್ಟೆಗೆ ಮೂರ್ನಾಲ್ಕು ಸೆಂಟಿಮೀಟರು ಸೇರಿಸಿ ಅಂದರು ಮೇಸ್ತ್ರಿ. ಅವರು ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು.

ಈಗ ಬೈಕುಗಳ ಲೆಕ್ಕ. ಆಕ್ಟಿವಾ ಸೀಟು 765 ಮಿ.ಮೀ. ಹತ್ತಿರ. ಹಳೆಯ 411 ಸಿಸಿ ಹಿಮಾಲಯನ್ 800. ಹೀರೋ ಎಕ್ಸ್‌ಪಲ್ಸ್ 200 4ವಿ 825, ಅದರದೇ ಪ್ರೊ ಮಾದರಿ 891. ಕವಾಸಕಿ ಕೆಎಲ್‌ಎಕ್ಸ್ 230 ಹತ್ತಿರ ಹತ್ತಿರ 880. ಅಪ್ಪಟ ಮೊಟೊಕ್ರಾಸ್ ಗಾಡಿ, 250 ಸಿಸಿಯದ್ದು, 950ರ ಆಸುಪಾಸು. ಅಂದರೆ ನಮ್ಮ ಹುಡುಗಿಯ ಎದೆಗೆ ಬರುವ ಕುದುರೆ. ಮೊಟೊಕ್ರಾಸ್ ಗಾಡಿಗೆ ಲೈಟಿಲ್ಲ, ನಂಬರ್ ಪ್ಲೇಟಿಲ್ಲ, ರಸ್ತೆಗೆ ಇಳಿಸುವ ಹಾಗಿಲ್ಲ. ಓಡಿಸುವ ಜಾಗಕ್ಕೆ ಪಿಕಪ್‌ನಲ್ಲಿ ಹೊತ್ತೊಯ್ಯಬೇಕು. ಅಣ್ಣನಿಗೆ ಇದನ್ನು ವಿವರಿಸುವುದರಲ್ಲಿ ಸಾಕಾಯಿತು. "ಬೈಕ್ ಸವಾರಿ ಮಾಡೋಕೆ ಅದಕ್ಕೇ ಒಂದು ಸವಾರಿ ಬೇಕಾ?" ಎಂದು ಕೇಳಿ ಪೇಪರ್ ಮಡಚಿಟ್ಟ.

"ಹಾಗಾದರೆ ಮಕ್ಕಳ ಬೈಕ್ ತಗೊಳ್ಳಲಿ" ಎಂದವರೂ ಇದ್ದರು. ಇದು ನೋಡಲು ಜಾಣ ಸಲಹೆ. ಕೆಎಲ್‌ಎಕ್ಸ್ 110ರ ಸೀಟು 680 ಮಿ.ಮೀ., ಇವಳು ಕೂತರೆ ಎರಡೂ ಪಾದ ಊರಿ ಚಕ್ಕಂಬಕ್ಕಳ ಹಾಕುವಷ್ಟು ಸಲೀಸು. ಆದರೆ ನಿಂತು ಓಡಿಸುವಾಗ ಹ್ಯಾಂಡಲ್ ಮೊಣಕಾಲಿಗೆ ಬಡಿಯುತ್ತದೆ, ಚಿಕ್ಕ ಚಕ್ರ ಪ್ರತಿ ಗುಂಡಿಗೂ ನಮಸ್ಕಾರ ಮಾಡುತ್ತದೆ. ಇನ್ನು 85 ಸಿಸಿಯ ಟೂ-ಸ್ಟ್ರೋಕ್ ರೇಸ್ ಗಾಡಿಗಳನ್ನು ಮಕ್ಕಳದು ಅನ್ನುವುದು ಕೂಡ ಅರ್ಧ ಸುಳ್ಳು. ಅವು ಹನ್ನೆರಡು ವರ್ಷದ ಚಾಂಪಿಯನ್ನುಗಳಿಗೆ ಮಾಡಿದವು. ಕೆಳಗಿನ ಆರ್‌ಪಿಎಂನಲ್ಲಿ ನಿದ್ದೆ, ಆಮೇಲೆ ಒಮ್ಮೆಲೇ ಮೈಮೇಲೆ ಬಂದ ಹಾಗೆ. ಕಲಿಯುವವರಿಗೆ ಬೇಕಾದ್ದು ಹದವಾಗಿ ಎಳೆಯುವ ಫೋರ್-ಸ್ಟ್ರೋಕ್. ಹೊರದೇಶದಲ್ಲಿ ಇದಕ್ಕೆ ಹೇಳಿ ಮಾಡಿಸಿದವು ಇವೆ. ಹೋಂಡಾ ಸಿಆರ್‌ಎಫ್ 125ಎಫ್‌ನ ದೊಡ್ಡ ಚಕ್ರದ ಮಾದರಿ 785 ಮಿ.ಮೀ., ಯಮಹಾ ಟಿಟಿ-ಆರ್ 125 ಎಲ್‌ಇ 805, ಎರಡೂ ತೊಂಬತ್ತು ಕಿಲೋ ಸುತ್ತಮುತ್ತ. ನಮ್ಮ ಶೋರೂಮುಗಳಲ್ಲಿ ಅವುಗಳ ಹೆಸರೆತ್ತಿದರೆ ನೀರು ಕೊಟ್ಟು ಕೂರಿಸುತ್ತಾರೆ, ಅಷ್ಟೆ.

ಶೋರೂಮು ಎಂದಾಗ ನೆನಪಾಯಿತು. ತಾಲ್ಲೂಕು ಪೇಟೆಯ ಅಂಗಡಿಯೊಂದಕ್ಕೆ ಅಣ್ಣನೂ ನಾನೂ ಅವಳ ಜೊತೆ ಹೋಗಿದ್ದೆವು. ಸೇಲ್ಸ್ ಹುಡುಗ ವಿವರವನ್ನೆಲ್ಲ ಅಣ್ಣನಿಗೆ ಹೇಳಿದ. ಅಣ್ಣ ನನ್ನ ಕಡೆ ನೋಡಿದ, ನಾನು ಅವಳ ಕಡೆ ನೋಡಿದೆ, ಅವಳು ಆಗಲೇ ಎಕ್ಸ್‌ಪಲ್ಸ್ ಮೇಲೆ ಕೂತಿದ್ದಳು. ಒಂದು ಕಡೆ ಹೆಬ್ಬೆರಳು ನೆಲ ಮುಟ್ಟಿತ್ತು, ಇನ್ನೊಂದು ಕಡೆ ಹೆಬ್ಬೆರಳೂ ಇಲ್ಲ. ಹುಡುಗನ ಮುಖದಲ್ಲಿ ಮರುಕ. "ಮೇಡಂ, ಎರಡೂ ಪಾದ ಪೂರ್ತಿ ಊರಬೇಕು, ಇಲ್ಲಾಂದ್ರೆ ರಿಸ್ಕು. ಸ್ಕೂಟಿಯಲ್ಲಿ ಹೊಸ ಬಣ್ಣ ಬಂದಿದೆ, ತೋರಿಸಲಾ?"

ಬಣ್ಣದ ಮಾತು ಬಿಡಿ, ಎರಡೂ ಪಾದ ಊರಬೇಕೆಂಬ ಈ ನಂಬಿಕೆ ಎಲ್ಲಿಂದ ಬಂತೋ ನನಗೆ ತಿಳಿಯದು. ನಾವೆಲ್ಲ ಅಪ್ಪನ ಅಟ್ಲಾಸ್ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವರು. ಸೀಟಿಗೆ ಕಂಕುಳು ಕೊಟ್ಟು, ಬಾರಿನ ಕೆಳಗೆ ಕಾಲು ತೂರಿಸಿ, ಕಿರ್ರ್ ಕಟಕ್ ಎಂದು ಅರ್ಧರ್ಧ ಸುತ್ತು ತುಳಿಯುತ್ತಾ ಊರು ಸುತ್ತಿದ್ದೇವೆ. ಕಾಲು ನೆಲಕ್ಕೆ ಎಟುಕಿದ್ದು ಬಿದ್ದಾಗ ಮಾತ್ರ. ನಿಲ್ಲಿಸಬೇಕಾದರೆ ಮೋರಿ ಕಟ್ಟೆಯೋ ಮೈಲಿಗಲ್ಲೋ ನೋಡಿಟ್ಟುಕೊಂಡು ಅಲ್ಲಿಗೆ ತಂದು ಆನಿಸುತ್ತಿದ್ದೆವು. ಡರ್ಟ್ ಬೈಕಿನವರು ಇವತ್ತಿಗೂ ಮಾಡುವುದು ಇದನ್ನೇ. ಓಡುವಾಗ ಅವರು ಹೆಚ್ಚು ಹೊತ್ತು ಫುಟ್‌ಪೆಗ್ ಮೇಲೆ ನಿಂತೇ ಇರುತ್ತಾರೆ. ನಿಲ್ಲಿಸುವಾಗ ಸೀಟಿನ ಒಂದು ಪಕ್ಕಕ್ಕೆ ಜಾರಿ, ಒಂದು ಅಂಡು ಮಾತ್ರ ಸೀಟಿನ ಮೇಲಿಟ್ಟು, ಎಡಗಾಲು ಪೂರ್ತಿ ಊರುತ್ತಾರೆ. ಬಲಗಾಲು ಹಿಂದಿನ ಬ್ರೇಕಿನ ಮೇಲೆ. ಹುಡುಗಿ ಇದನ್ನೇ ಅಂಗಡಿಯಲ್ಲಿ ಮಾಡಿ ತೋರಿಸಿದಳು. ಸೇಲ್ಸ್ ಹುಡುಗ ಮ್ಯಾನೇಜರನ್ನು ಕರೆದ.

ಕುಳ್ಳಗಿರುವವರಿಗೆ ನಿಜವಾದ ಅನ್ಯಾಯ ಆಗುವುದು ಸೀಟಿನ ಕೆಳಗೆ, ಸ್ಪ್ರಿಂಗಿನಲ್ಲಿ. ಇದನ್ನು ಯಾರೂ ಕೇಳುವುದಿಲ್ಲ. ಪೂರ್ಣ ಗಾತ್ರದ ಡರ್ಟ್ ಬೈಕಿನ ಹಿಂಬದಿ ಸಸ್ಪೆನ್ಷನ್ ಸುಮಾರು 300 ಮಿ.ಮೀ. ಆಡುತ್ತದೆ. ಸವಾರ ಕೂತಾಗ ಅದರ ಮೂರನೇ ಒಂದು ಪಾಲು, ಅಂದರೆ 100 ಮಿ.ಮೀ.ನಷ್ಟು ಕುಸಿಯಬೇಕು. ಮೆಕ್ಯಾನಿಕ್ಕುಗಳು ಇದಕ್ಕೆ ಸ್ಯಾಗ್ ಅನ್ನುತ್ತಾರೆ. ಆದರೆ ಕಾರ್ಖಾನೆಯಲ್ಲಿ ಸ್ಪ್ರಿಂಗ್ ಹಾಕುವುದು ಎಪ್ಪತ್ತೈದು ಕಿಲೋ ಹತ್ತಿರದ ಆಸಾಮಿಯ ಲೆಕ್ಕದಲ್ಲಿ. ನಲವತ್ತಾರು ಕಿಲೋದವಳು ಕೂತರೆ ಬೈಕು ಕ್ಯಾರೇ ಅನ್ನುವುದಿಲ್ಲ. ಕುಸಿಯಬೇಕಾದಷ್ಟು ಕುಸಿಯದ ಕಾರಣ, ಮೊದಲೇ ಎತ್ತರವಾಗಿದ್ದ ಸೀಟು ಅವಳ ಪಾಲಿಗೆ ಇನ್ನೂ ಎತ್ತರ. ಮೇಲೆ ಕಲ್ಲಿಗೆ ಕಲ್ಲು ಲೆಕ್ಕ ಹಿಡಿದು ಎಗರಿಸುತ್ತದೆ. ಮೆತ್ತನೆ ಸ್ಪ್ರಿಂಗ್ ಹಾಕಿಸಿದರೆ ಎರಡು ಕಾಯಿಲೆಗೂ ಒಂದೇ ಮದ್ದು. ಬಹಳ ಜನ ಅದನ್ನು ಬಿಟ್ಟು ಲೋವರಿಂಗ್ ಲಿಂಕ್ ಹಾಕಿಸಿ ಗಾಡಿಯನ್ನೇ ತಗ್ಗಿಸುತ್ತಾರೆ. ತಗ್ಗುತ್ತದೆ, ಸಂಶಯವಿಲ್ಲ. ಜೊತೆಗೆ ಹೊಟ್ಟೆ ಕಲ್ಲಿಗೆ ತಾಗುತ್ತದೆ. ಮುಂದಿನ ಫೋರ್ಕನ್ನೂ ಅಷ್ಟೇ ಇಳಿಸದಿದ್ದರೆ ಹ್ಯಾಂಡಲ್ ಸೋಮಾರಿಯಾಗುತ್ತದೆ. ಅವಳ ಗೆಳತಿಯೊಬ್ಬಳ ಬೈಕಿನಲ್ಲಿ ಸೈಡ್ ಸ್ಟ್ಯಾಂಡ್ ಉದ್ದವಾಗಿಬಿಟ್ಟಿತ್ತು. ನಿಲ್ಲಿಸಿದರೆ ಗಾಡಿ ನೆಟ್ಟಗೆ ಕಂಬದ ಹಾಗೆ ನಿಲ್ಲುತ್ತಿತ್ತು, ಗಾಳಿ ಬಂದರೆ ಆಚೆ ಕಡೆಗೆ ಬೀಳುತ್ತಿತ್ತು. ವೆಲ್ಡಿಂಗ್ ಅಂಗಡಿಗೆ ಹೋಗಿ ಸ್ಟ್ಯಾಂಡಿನ ಕಾಲನ್ನು ಎರಡು ಬೆರಳು ಕತ್ತರಿಸಿದ ಮೇಲೆ ಸರಿಹೋಯಿತಂತೆ.

ಇವಳು ಕೊನೆಗೆ ಸಾದಾ ಎಕ್ಸ್‌ಪಲ್ಸನ್ನೇ ತಗೊಂಡಳು. ಹಿಂದಿನ ಸ್ಪ್ರಿಂಗಿನ ಪ್ರೀಲೋಡ್ ತೀರಾ ಸಡಿಲದ ಹಂತಕ್ಕೆ ತಿರುಗಿಸಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಟಿನ ಫೋಮ್ ಒಂದಂಗುಲ ಕೊರೆಸಿದಳು. ಸೀಟು ಈಗ ಸರ್ಕಾರಿ ಕಚೇರಿಯ ಬೆಂಚು. ಕೂರುವುದೇ ಕಡಿಮೆಯಾದ್ದರಿಂದ ಅವಳಿಗೆ ಚಿಂತೆಯಿಲ್ಲ. ಹಿಂದೆ ಕೂತು ಸಂತೆಗೆ ಹೋಗಿಬಂದ ನನಗೆ ಮಾತ್ರ ಎರಡು ದಿನ ದಿಂಬು ಬೇಕಾಯಿತು. ಕಂಪನಿಯ ಬಿಡಿಭಾಗ ಪೇಟೆಯಲ್ಲೇ ಸಿಗುತ್ತದೆ, ನಂಬರ್ ಪ್ಲೇಟ್ ಇದೆ, ಪಿಕಪ್ ಬೇಡ. ಎಲ್ಲ ಸರಿ. ಆದರೆ ನನ್ನ ತಕರಾರು ಅದರ ತೂಕದ ಬಗ್ಗೆ. ಹತ್ತಿರ ಹತ್ತಿರ 160 ಕಿಲೋ, ಅವಳ ಮೂರೂವರೆ ಪಟ್ಟು. ಹಳೆ ಹಿಮಾಲಯನ್‌ದು ಸೀಟು ತಗ್ಗು, ತೂಕ ಇನ್ನೂರು. ಸೀಟು ತಗ್ಗೆಂದು ಅದನ್ನು ತಗೊಂಡ ಎಷ್ಟೋ ಹುಡುಗಿಯರು ಮೊದಲ ಸಲ ಬೀಳಿಸಿದ ದಿನ ಲೆಕ್ಕ ತಿರುಗಿ ಹಾಕುತ್ತಾರೆ. ಸೀಟಿನ ಎತ್ತರ ನಿಂತಾಗಿನ ಒಂದು ಕ್ಷಣಕ್ಕೆ ಸಂಬಂಧಿಸಿದ್ದು. ತೂಕ ಇಡೀ ದಿನಕ್ಕೆ.

ಮಣ್ಣಿನಲ್ಲಿ ಓಡಿಸುವವರು ಬೀಳಿಸಿಯೇ ಬೀಳಿಸುತ್ತಾರೆ, ಆದ್ದರಿಂದ ಎತ್ತುವುದನ್ನೇ ಮೊದಲು ಕಲಿಯಬೇಕು. ನಮ್ಮ ಕಾಫಿ ಕಣ ಬೆಳೆ ಮುಗಿದು ಖಾಲಿ ಬಿದ್ದಿತ್ತು. ನಾಲ್ಕು ಗೋಣಿಚೀಲ ಹಾಸಿ, ಹೊಸ ಬೈಕನ್ನು ಬೇಕೆಂದೇ ಅದರ ಮೇಲೆ ಎಡಮಗ್ಗುಲಿಗೆ ಮಲಗಿಸಿದಳು. ಅಣ್ಣ ಅತ್ತ ತಿರುಗಿ ನಿಂತ. ಹ್ಯಾಂಡಲನ್ನು ಪೂರ್ತಿ ಒಂದು ಕಡೆಗೆ ಹೊರಳಿಸಿ, ಗಾಡಿ ಗೇರಿನಲ್ಲಿದೆಯಾ ನೋಡಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಳು. ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಗ್ರಾಬ್ ರೈಲಿಗೆ. ಹಿಮ್ಮೊಗವಾಗಿ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಏಳಬೇಕು. ಅರ್ಧಕ್ಕೆ ಬಂದು ಅವಳ ಬೆನ್ನು ಬಾಗಿತು, ಗಾಡಿ ಮತ್ತೆ ಮಲಗಿತು. ಕಸಿ ಮುಗಿಸಿ ಬಂದ ಹೆಣ್ಣಾಳುಗಳು ಸಾಲಾಗಿ ನಿಂತಿದ್ದರು. ಅವರಲ್ಲಿ ಒಬ್ಬಾಕೆ, ಎತ್ತರದಲ್ಲಿ ನಮ್ಮ ಮನೆಯವರಿಗೆ ಸಮ, ಕಾಫಿ ಮೂಟೆಯನ್ನು ಹೆಗಲಿಗೇರಿಸುವವಳು, ಎಲೆಯಡಿಕೆ ಉಗಿದು ಬಂದು ಹುಡುಗಿಯ ಸೊಂಟಕ್ಕೆ ಕೈ ಹಚ್ಚಿದಳು. "ಬೆನ್ನಲ್ಲಿ ಎತ್ಬೇಡ ಕಣವ್ವಾ, ತೊಡೇಲಿ ಎತ್ತು. ಉಸಿರು ಹಿಡ್ಕೋಬೇಡ." ಬೈಕ್ ಎದ್ದು ನಿಂತಿತು. ತರಬೇತಿ ಶಾಲೆಯಲ್ಲಿ ಹೇಳಿದ್ದೂ ಇದನ್ನೇ ಅಂತೆ, ಆದರೆ ಇಂಗ್ಲಿಷಿನಲ್ಲಿ ಹೇಳಿದ್ದರಿಂದ ತೊಡೆಗೆ ತಲುಪಿರಲಿಲ್ಲವೋ ಏನೋ.

ಅತ್ತಿಗೆಯ ಭಯ ಬೇರೆ. ಆಕೆ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವಳು. ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದು, ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ತಂದ ಮೊದಲ ಭಾರತೀಯಳಾದ ಸುದ್ದಿಯನ್ನು ಮಗಳು ಓದಿ ಹೇಳಿದಳು. ಅತ್ತಿಗೆ ಹುಡುಕಿ ಓದಿದ್ದು ಅದರ ಹಿಂದಿನ ವರ್ಷದ ಸುದ್ದಿ, ಸ್ಪೇನಿನ ರೇಸಿನಲ್ಲಿ ಅದೇ ಹುಡುಗಿ ಬಿದ್ದು ಮೇದೋಜೀರಕಕ್ಕೆ ಪೆಟ್ಟು ಮಾಡಿಕೊಂಡದ್ದು. ಆ ಗ್ರಂಥಿ ಎಲ್ಲಿದೆ, ಏನು ಕೆಲಸ, ಎಷ್ಟು ನಾಜೂಕು ಎಂದು ಊಟದ ಹೊತ್ತಿಗೆ ಚಿತ್ರ ಬರೆದು ತೋರಿಸಿದಳು. ದೊಡ್ಡಪ್ಪನ ಮಗ ನಡುವೆ ಬಾಯಿ ಹಾಕಿ, "ಇಂಜಿನ್ ಸದ್ದು ಕೇಳ್ಕೊಂಡು ಗೇರ್ ಹಾಕೋದು ಗೊತ್ತಿದ್ರೆ ಬೀಳೋದೇ ಇಲ್ಲ" ಅಂದ. ಹುಟ್ಟಿನಿಂದ ಕಿವಿ ಕೇಳದ ಅಮೆರಿಕದ ಆಶ್ಲೀ ಫಿಯೋಲೆಕ್, ಇಂಜಿನ್ನಿನ ನಡುಕವನ್ನು ಮೈಯಲ್ಲೇ ಗ್ರಹಿಸಿ ಗೇರ್ ಬದಲಿಸುತ್ತಾ, ಆ ದೇಶದ ಮಹಿಳಾ ಮೊಟೊಕ್ರಾಸ್ ಪಟ್ಟವನ್ನು ನಾಲ್ಕು ಸಲ ಗೆದ್ದಳೆಂದು ಹುಡುಗಿ ಹೇಳಿದ ಮೇಲೆ ಅವನು ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡ. ಕೊನೆಗೆ ಅತ್ತಿಗೆ ಒಂದು ಷರತ್ತಿನ ಮೇಲೆ ಒಪ್ಪಿದಳು: ಎದೆ, ಬೆನ್ನು, ಮೊಣಕಾಲು, ಕುತ್ತಿಗೆ ಎಲ್ಲಕ್ಕೂ ಕವಚ ಬರಬೇಕು, ಆಮೇಲೆ ಪೆಟ್ರೋಲು.

ಹಾಗೆ ಬೂಟು ಹುಡುಕುತ್ತಾ ಬೆಂಗಳೂರಿನ ಅಂಗಡಿಯೊಂದಕ್ಕೆ ಹೋದೆವು. ಕಪಾಟಿನಲ್ಲಿದ್ದ ಅತಿ ಚಿಕ್ಕ ಬೂಟಿನೊಳಗೆ ಅವಳ ಪಾದವೂ ಒಂದು ಜೊತೆ ಚಪ್ಪಲಿಯೂ ಸೇರಿ ಹಿಡಿಸುತ್ತಿತ್ತು. ಅಂಗಡಿಯವನು ಯೋಚಿಸಿ, ಒಳಗಿನಿಂದ ಮಕ್ಕಳ ವಿಭಾಗದ ಒಂದು ಡಬ್ಬಿ ತಂದ. ಅಳತೆ ಹೇಳಿ ಮಾಡಿಸಿದ ಹಾಗಿತ್ತು. ಬೆಲೆ ದೊಡ್ಡವರ ಬೂಟಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. "ಮಗು ವಯಸ್ಸೆಷ್ಟು ಸರ್?" ಎಂದು ಬಿಲ್ಲು ಬರೆಯುತ್ತಾ ಕೇಳಿದ, ವಾರಂಟಿ ಕಾರ್ಡಿಗೆ. "ಇಪ್ಪತ್ತಾರು" ಅಂದ ಅಣ್ಣ. ಇಷ್ಟು ದಿನ ಬೈಕಿನ ಮಾತೆತ್ತಿದರೆ ಮುಖ ಗಂಟಿಕ್ಕುತ್ತಿದ್ದವನು ಈಗ ಮೇಜಿನ ಮೇಲೆ ಮೊಣಕೈ ಊರಿ, ಮೊಣಕಾಲಿನ ಗಾರ್ಡು, ಎದೆಯ ಕವಚ, ಗ್ಲೌಸು ಇವೆಲ್ಲ ಮಕ್ಕಳ ಸೈಜಿನಲ್ಲಿ ಇದ್ದರೆ ತೋರಿಸಿ ಎಂದು ಶುರುಮಾಡಿದ.