ಶಿಗ್ಗಾಂವ ಮತದಾರನ ಪ್ರಾತಿನಿಧ್ಯಶಾಸ್ತ್ರ

ಪ್ರಜಾಪ್ರಭುತ್ವವನ್ನು ಅಭ್ಯಾಸ ಮಾಡುವವರು ದಿಲ್ಲಿಗೆ ಹೋಗುತ್ತಾರೆ. ಅನವಶ್ಯಕ ಖರ್ಚು. ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೊರಟ ಬಸ್ಸು ಹತ್ತಿ ಶಿಗ್ಗಾಂವದಲ್ಲಿ ಇಳಿದರೆ ಸಾಕು. ಒಬ್ಬ ಮತದಾರನಿಗೆ ಎಷ್ಟು ಪ್ರತಿನಿಧಿಗಳನ್ನು ಹೊರಿಸಬಹುದು, ಹೊರಿಸಿದ ಮೇಲೂ ಅವನು ನಡೆಯುತ್ತಾನೆಯೇ ಎಂಬ ಪ್ರಯೋಗ ಇಲ್ಲಿ ಬಹುಕಾಲದಿಂದ ನಡೆದಿದೆ.

ಮೊದಲು ಭೂಗೋಳ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಶಿಗ್ಗಾಂವ ತಾಲ್ಲೂಕು ಧಾರವಾಡ ಜಿಲ್ಲೆಯನ್ನು ಬಿಟ್ಟು ಹಾವೇರಿಗೆ ಬಂತು. ಆದರೆ ಲೋಕಸಭೆಗೆ ಓಟು ಹಾಕುವ ದಿನ ಮಾತ್ರ ಅದು ಧಾರವಾಡದ್ದು. ರೇಷನ್ ಕಾರ್ಡು ಹಾವೇರಿಯದು, ಸಂಸದರು ಧಾರವಾಡದವರು. ಇದನ್ನು ಗೊಂದಲ ಎನ್ನುವವರು ಶಾಸ್ತ್ರ ತಿಳಿಯದವರು. ಇದು ಎರಡು ಬಾಗಿಲಿನ ಮನೆ. ಒಂದರಲ್ಲಿ ಕರೆದರೆ ಇನ್ನೊಂದರಲ್ಲಿ ಹೋಗಿರುತ್ತಾರೆ.

ಈ ರಚನೆಯ ಸಾಮರ್ಥ್ಯ ಸಾಬೀತಾದದ್ದು 2024ರಲ್ಲಿ. ಬಸವರಾಜ ಬೊಮ್ಮಾಯಿಯವರನ್ನು ಶಿಗ್ಗಾಂವ 2008, 2013, 2018, 2023 ಹೀಗೆ ನಾಲ್ಕು ಸಲ ಆರಿಸಿ ಕಳಿಸಿತು. ನಡುವೆ 2021ರಲ್ಲಿ ಅವರು ಮುಖ್ಯಮಂತ್ರಿಯೂ ಆದರು. ಅದೇ ಬೊಮ್ಮಾಯಿಯವರು 2024ರಲ್ಲಿ ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ನಿಂತು 43,513 ಮತಗಳ ಅಂತರದಿಂದ ಗೆದ್ದರು. ಆ ಕ್ಷೇತ್ರದಲ್ಲಿ ಹಾನಗಲ್ ಇದೆ, ಹಿರೇಕೆರೂರು ಇದೆ, ಗದಗ ಕೂಡ ಇದೆ. ಶಿಗ್ಗಾಂವ ಇಲ್ಲ. ಅಂದರೆ ಹದಿನಾರು ವರ್ಷ ಓಟು ಹಾಕಿ ಬೆಳೆಸಿದವರಿಗೆ ಅವರನ್ನು ಸಂಸತ್ತಿಗೆ ಕಳಿಸುವಾಗ ಓಟೇ ಇರಲಿಲ್ಲ. ಆ ದಿನ ಶಿಗ್ಗಾಂವದವರು ಪ್ರಲ್ಹಾದ ಜೋಶಿಯವರಿದ್ದ ಮತಯಂತ್ರದ ಮುಂದೆ ಶಿಸ್ತಾಗಿ ನಿಂತಿದ್ದರು. ಫಲಿತಾಂಶ ಬಂದಾಗ ಒಬ್ಬ ಮತದಾರನ ಪಾಲಿಗೆ ಇಬ್ಬರು ಸಂಸದರು: ಓಟು ಹಾಕಿಸಿಕೊಂಡವರು ಒಬ್ಬರು, ಗುರುತಿರುವವರು ಇನ್ನೊಬ್ಬರು. ಇಂಥ ಸೌಲಭ್ಯ ವಾರಾಣಸಿಗೂ ಇಲ್ಲ.

ತೆರವಾದ ಸ್ಥಾನಕ್ಕೆ 2024ರ ನವೆಂಬರ್ 13ರಂದು ಉಪಚುನಾವಣೆ. ವಂಶಾಡಳಿತವನ್ನು ಬಲವಾಗಿ ವಿರೋಧಿಸುವ ಬಿಜೆಪಿ, ಅಜ್ಜ ಮತ್ತು ಅಪ್ಪ ಇಬ್ಬರೂ ಮುಖ್ಯಮಂತ್ರಿಗಳಾಗಿದ್ದ ಭರತ್ ಬೊಮ್ಮಾಯಿಯವರಿಗೆ ಟಿಕೆಟ್ ಕೊಟ್ಟಿತು. ಒಳಜಗಳವೇ ಇಲ್ಲದ ಕಾಂಗ್ರೆಸ್ಸಿನಲ್ಲಿ ಮಾಜಿ ಶಾಸಕ ಅಜ್ಜಂಪೀರ್ ಖಾದ್ರಿಯವರು ಬಂಡಾಯವೆದ್ದು ನಾಮಪತ್ರ ಸಲ್ಲಿಸಿದರು, ಆಮೇಲೆ ಹಿಂತೆಗೆದುಕೊಂಡರು. ಮುಂದೆ ಹೆಸ್ಕಾಂ ಅಧ್ಯಕ್ಷರಾದರು. ವಿದ್ಯುತ್ತಿಗೂ ಬಂಡಾಯಕ್ಕೂ ಇರುವ ಸಂಬಂಧ ಪ್ರತ್ಯೇಕ ಸಂಶೋಧನೆಯ ವಿಷಯ. ಗೆದ್ದವರು ಕಾಂಗ್ರೆಸ್ಸಿನ ಯಾಸೀರ್ ಅಹ್ಮದ್ ಖಾನ್ ಪಠಾಣ, 13,448 ಮತಗಳಿಂದ. ಇದೇ ಪಠಾಣರನ್ನು ಇದೇ ಮತದಾರರು ಒಂದೂವರೆ ವರ್ಷದ ಹಿಂದೆ 35,978 ಮತಗಳಿಂದ ಸೋಲಿಸಿದ್ದರು. ಫಲಿತಾಂಶ ಬರುವ ಮುಂಚೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯ ತಜ್ಞರೆಲ್ಲ ಉಲ್ಟಾ ಹೇಳಿದ್ದರು. ಬಂದ ಮೇಲೆ, ಇದು ನಮಗೆ ಮೊದಲೇ ಗೊತ್ತಿತ್ತು ಎಂದರು. ಎರಡೂ ಹೇಳಿಕೆಗಳನ್ನು ದಾಖಲಿಸಿಕೊಂಡಿದ್ದೇನೆ.

ನಮ್ಮೂರಿನವರೇ ಆಗಬೇಕು ಎಂಬ ಸಣ್ಣತನ ಈ ಕ್ಷೇತ್ರಕ್ಕೆ ಮೊದಲಿನಿಂದಲೂ ಇಲ್ಲ. 1967ರಲ್ಲಿ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರನ್ನು ಆರಿಸಿದ್ದೂ ಇದೇ ಶಿಗ್ಗಾಂವ. ಕನಕದಾಸರು ಹುಟ್ಟಿದ ಬಾಡ, ಶರೀಫರ ಶಿಶುನಾಳ ಎರಡೂ ಇದೇ ತಾಲ್ಲೂಕಿನವು. ಸಂತರನ್ನು ಹೊರಗಿನಿಂದ ತರಿಸುವ ಪ್ರಮೇಯ ಬಂದಿಲ್ಲ. ಅದಕ್ಕೇ ಇರಬೇಕು, ರಾಜಕಾರಣಿಗಳ ವಿಷಯದಲ್ಲಿ ಉದಾರಿಗಳು.

ಇನ್ನು ವಿಧಾನ ಪರಿಷತ್ತು. ಪದವೀಧರರಿಗೆ ಒಬ್ಬರು, ಶಿಕ್ಷಕರಿಗೆ ಒಬ್ಬರು, ಸ್ಥಳೀಯ ಸಂಸ್ಥೆಗಳ ಸದಸ್ಯರಿಗೆ ಇಬ್ಬರು. ಶಿಕ್ಷಕರ ಪ್ರತಿನಿಧಿ ಬಸವರಾಜ ಹೊರಟ್ಟಿಯವರು ಮೊದಲು ಗೆದ್ದದ್ದು 1980ರಲ್ಲಿ. ಆಗ ಅವರಿಗೆ ಓಟು ಹಾಕಿದ ಮಾಸ್ತರುಗಳ ಶಿಷ್ಯರೂ ಈಗ ನಿವೃತ್ತರಾಗುತ್ತಿದ್ದಾರೆ. ಪದವೀಧರರ ಓಟು ತುಸು ಕಷ್ಟದ್ದು. ಆಯೋಗವೇ ಕೊಟ್ಟ ನೇರಳೆ ಪೆನ್ನಿನಲ್ಲಿ 1, 2, 3 ಎಂದು ಅಂಕಿ ಬರೆಯಬೇಕು. ರೈಟ್ ಮಾರ್ಕು ಹಾಕಿದರೆ ರದ್ದು. ಓದು ಬರಹ ಬಾರದವರು ಮತಯಂತ್ರದ ಗುಂಡಿಯನ್ನು ಸರಿಯಾಗಿ ಒತ್ತಿ ಬರುತ್ತಾರೆ; ಕುಲಗೆಟ್ಟ ಮತಗಳು ರಾಶಿ ಬೀಳುವುದು ಪದವಿ ಪಡೆದವರ ಪೆಟ್ಟಿಗೆಯಲ್ಲಿ.

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಬಗ್ಗೆ ಮಾತ್ರ ನಮ್ಮ ಶಾಸ್ತ್ರ ಹೆಮ್ಮೆಯಿಂದ ಮಾತಾಡಬಲ್ಲದು. ಪ್ರತಿನಿಧಿಗಳೇ ಇಲ್ಲದ ಶುದ್ಧ ಪ್ರಾತಿನಿಧ್ಯ ಸಾಧಿಸಿದ ಹಂತ ಇದು. ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗಿದು ಕುರ್ಚಿಗೆ ಆಡಳಿತಾಧಿಕಾರಿಗಳು ಬಂದರು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಎಂದು ಸಂವಿಧಾನದಲ್ಲಿದೆ, ನಿಜ. ಮೊದಲು ಕ್ಷೇತ್ರ ವಿಂಗಡಣೆ ಆಗಬೇಕಿತ್ತು, ಆಮೇಲೆ ಮೀಸಲಾತಿ ಪಟ್ಟಿ ಆಗಬೇಕಿತ್ತು. ತಡ ಮಾಡಿದ್ದಕ್ಕೆ 2022ರ ಡಿಸೆಂಬರಿನಲ್ಲಿ ಹೈಕೋರ್ಟು ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಆಗ ಮುಖ್ಯಮಂತ್ರಿ ಶಿಗ್ಗಾಂವದ ಶಾಸಕರೇ. 2023ರಲ್ಲಿ ಸರ್ಕಾರ ಬದಲಾಯಿತು. ತಡ ಮಾಡುವ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಪಕ್ಷಾತೀತ ಆಡಳಿತಕ್ಕೆ ಇದಕ್ಕಿಂತ ಉದಾಹರಣೆ ಬೇಕೆ? ಈ ನಡುವೆ ಉಪಚುನಾವಣೆ ಮುಗಿದ ಬೆನ್ನಿಗೇ ಹಾವೇರಿ ಹತ್ತಿರದ ಯತ್ತಿನಹಳ್ಳಿಯ ಕಾಲುವೆಯಲ್ಲಿ ಖಾಲಿ ಮತಪೆಟ್ಟಿಗೆಗಳು ಸಿಕ್ಕು ಗದ್ದಲವಾಯಿತು. ಗೋದಾಮಿನಿಂದ ಕಳುವಾದ ಹಳೆಯ ಪೆಟ್ಟಿಗೆಗಳವು, ಉಪಚುನಾವಣೆಗೆ ಸಂಬಂಧವಿಲ್ಲ ಎಂದು ಅಧಿಕಾರಿಗಳು ಹೇಳಿದರು. ಉಪಯೋಗವಿಲ್ಲದೆ ಬಿದ್ದ ಕಬ್ಬಿಣಕ್ಕೆ ಬೆಲೆ ಇದೆ ಎಂದು ಕಂಡುಕೊಂಡವರು ಕಳ್ಳರೊಬ್ಬರೇ.

ಉಳಿದದ್ದು ಗ್ರಾಮ ಪಂಚಾಯಿತಿ. ಇಲ್ಲಿ ಪ್ರತಿನಿಧಿ ಅದೇ ಓಣಿಯಲ್ಲಿರುತ್ತಾನೆ, ತಪ್ಪಿಸಿಕೊಳ್ಳಲು ಅವನಿಗೆ ಜಾಗವಿಲ್ಲ. ಮಾದರಿ ಸಂಭಾಷಣೆ:

“ತಮ್ಮಾ, ಗಟಾರ ತುಂಬಿ ಹೊಲಸು ನೀರು ಮನಿಯೊಳಗ ಬರಾಕತ್ತೇತಿ ನೋಡು.”

“ಅನುದಾನ ಬಂದಿಲ್ರಿ ಕಾಕಾ. ಎಮ್ಮೆಲ್ಲೆ ಸಾಹೇಬ್ರ ಕಿವಿಗೆ ಹಾಕೇನ್ರಿ.”

ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇದೆ. ಅದರಲ್ಲಿ ಬಸ್ ತಂಗುದಾಣ ಆಗುತ್ತದೆ, ಹೈಮಾಸ್ಟ್ ದೀಪ ಆಗುತ್ತದೆ, ಸಮುದಾಯ ಭವನ ಆಗುತ್ತದೆ. ಗಟಾರದ ಮೇಲೆ ಹೆಸರು ಬರೆಸಲು ಗೋಡೆ ಇಲ್ಲ, ಇದು ಗಟಾರದ ಮೂಲಭೂತ ದೋಷ.

ಆದ್ದರಿಂದ ಶಿಗ್ಗಾಂವದ ಓದುಗರಲ್ಲಿ ಒಂದು ವಿನಂತಿ. ಅರ್ಜಿ ಬರೆದರೆ ಹತ್ತು ಪ್ರತಿ ಝೆರಾಕ್ಸ್ ಮಾಡಿಸಿ: ಗ್ರಾಮ ಪಂಚಾಯಿತಿಗೆ ಒಂದು, ಶಾಸಕರಿಗೆ ಒಂದು, ಪರಿಷತ್ತಿಗೆ ನಾಲ್ಕು, ಸಂಸದರಿಗೆ ಎರಡು, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗೆ ಒಂದೊಂದು. ಕೊನೆಯ ಎರಡರಲ್ಲಿ ಹೆಸರಿನ ಜಾಗ ಖಾಲಿ ಬಿಡಿ.