ಮೈನ್ ಯಾರದು?

ಚಿನ್ನದ ಗಣಿಯ ಊರು ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಹೊರಟ ಸಂಜೆ ರೈಲು. ಕಿಟಕಿ ಪಕ್ಕ ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಎದುರಿಗೆ ನಾಳೆಯ ಸಂದರ್ಶನಕ್ಕೆ ಉರುಹೊಡೆಯುತ್ತಿರುವ ಹುಡುಗ.

"ದಿ ಮೈನ್ ಹ್ಯಾಸ್ ಕ್ಲೋಸ್ಡ್ ಇನ್ 2001."

ಮೇಷ್ಟ್ರಿಗೆ ಮುಳ್ಳು ಚುಚ್ಚಿತು. "ಇಸವಿ ಹೇಳಿದ ಮೇಲೆ ಹ್ಯಾಸ್ ಯಾಕಪ್ಪಾ? ಕ್ಲೋಸ್ಡ್ ಇನ್ 2001. ಮುಗಿದುಹೋದ ಕಥೆ."

"ಎಲ್ಲಿ ಮುಗೀತು ಸಾರ್? ಸೈನೈಡ್ ದಿಬ್ಬದ ದೂಳು ಇವತ್ತೂ ನಮ್ಮ ಅನ್ನದ ಮೇಲೇ ಕೂರುತ್ತೆ."

"ಹಾಗಾದರೆ 'ಹ್ಯಾಸ್ ಬೀನ್ ಕ್ಲೋಸ್ಡ್ ಸಿನ್ಸ್ 2001' ಅನ್ನು. ಮುಚ್ಚಿದ್ದು ಅಂದು, ಮುಚ್ಚಿರೋದು ಇಂದಿಗೂ."

ವ್ಯಾಕರಣಕ್ಕೆ ಇಷ್ಟು ಕರುಣೆ ಇದೆಯೆಂದು ಹುಡುಗನಿಗೆ ಗೊತ್ತಿರಲಿಲ್ಲ.

"ಮೈನ್ ಅಂದ್ರೆ 'ನನ್ನದು' ಅಂತಲೂ ಅಲ್ವಾ?"

"ಹೌದು, ಅದು ಸರ್ವನಾಮ. ಗಣಿ ನಾಮಪದ."

"ಗಣಿ ಯಾರದಾಗಿತ್ತು?"

"1880ರಿಂದ ಜಾನ್ ಟೇಲರ್ ಕಂಪನಿ ನಡೆಸಿತು. 1956ರಲ್ಲಿ ಸರ್ಕಾರದ್ದಾಯಿತು."

"ಮೂರು ಕಿಲೋಮೀಟರ್ ಆಳಕ್ಕಿಳಿದ ನಮ್ಮ ತಾತ ಮಾತ್ರ ಒಮ್ಮೆಯೂ 'ಮೈನ್ ಈಸ್ ಮೈನ್' ಅನ್ನಲಿಲ್ಲ."

ಮೇಷ್ಟ್ರು ಕನ್ನಡಕ ಒರೆಸಿದರು. ವಾಕ್ಯದಲ್ಲಿ ತಪ್ಪು ಸಿಗಲಿಲ್ಲ.

ರೈಲು ನಿಧಾನಿಸಿತು. "ಬಂಗಾರಪೇಟೆಗೆ ಮೊದಲು ಬೌರಿಂಗ್‌ಪೇಟೆ ಅಂತಿದ್ರಂತೆ. ಬೌರಿಂಗ್ ಅಂದ್ರೆ ಐಎನ್‌ಜಿ ಕ್ರಿಯಾಪದವಾ?"

"ಅಯ್ಯೋ, ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಮಾರಾಯಾ! ಅಂಕಿತನಾಮ!"

"ಸರಿ ಸಾರ್. ಪಾನಿಪೂರಿ ಈಟಿಂಗಾ, ಈಟಾ?"

"ಮೊದಲು ಇಳಿ."