ದಶಮೀಟರ ಮೀಮಾಂಸೆ

ದೋಣಿ ಎಂದರೇನು? ನೀರಿನ ಮೇಲೆ ತೇಲುವುದು ಎಂದರೆ ತೆಂಗಿನಕಾಯಿಗೂ ಅನ್ವಯಿಸಿ ಅತಿವ್ಯಾಪ್ತಿ ದೋಷ ಬರುತ್ತದೆ. ಮೀನು ಹಿಡಿಯುವುದು ಎಂದರೆ ಕೊಕ್ಕರೆ ಒಳಗೆ ನುಗ್ಗುತ್ತದೆ. ಈ ತೊಡಕನ್ನು ಬಿಡಿಸಿದ ಕೀರ್ತಿ ಇಂಗ್ಲೆಂಡಿನ ಮೀನುಗಾರಿಕೆ ಶಾಸ್ತ್ರಜ್ಞರದು. ಅವರ ಸಿದ್ಧಾಂತದಂತೆ ಮೂತಿಯಿಂದ ಹಿಂಬದಿಯವರೆಗೆ ಹತ್ತು ಮೀಟರ್ ಮೀರದಿದ್ದರೆ ಅದು ಸಣ್ಣ ದೋಣಿ. ಬೆರಳಿನಷ್ಟು ಮೀರಿದರೂ ದೊಡ್ಡದು. ದೊಡ್ಡವರು ಸಂಘ ಕಟ್ಟಿಕೊಂಡು ತಮ್ಮ ಕೋಟಾ, ಅಂದರೆ ಹಿಡಿಯಬಹುದಾದ ಮೀನಿನ ಪಾಲು, ತಾವೇ ನೋಡಿಕೊಳ್ಳುತ್ತಾರೆ. ಸಣ್ಣವರಿಗೆಲ್ಲ ಸೇರಿ ಒಂದೇ ಹಂಡೆ, ಸೌಟು ಸರ್ಕಾರದ ಕೈಯಲ್ಲಿ.

ಅಗಲದ ಬಗ್ಗೆ ಈ ವಿಂಗಡಣೆ ಮೌನ ತಾಳಿದೆ. ಆ ಮೌನಕ್ಕೆ ಮೊದಲ ಭಾಷ್ಯ ಬರೆದವರು ಪಂಡಿತರಲ್ಲ, ದೋಣಿ ಕಟ್ಟುವವರು. 9.99 ಮೀಟರಿನ ದೋಣಿಗಳು ಹುಟ್ಟಿಕೊಂಡವು. ಉದ್ದದಲ್ಲಿ ಬಿಟ್ಟುಕೊಟ್ಟದ್ದನ್ನು ಹೊಟ್ಟೆಯಲ್ಲಿ ವಸೂಲು ಮಾಡಿ, ಗುಡಾಣದ ಹಾಗೆ ಊದಿಕೊಂಡು, ಒಳಗೊಂದು ಗುಡುಗುವ ಎಂಜಿನ್ ಇಟ್ಟುಕೊಂಡು ಅವು ಸಣ್ಣವರ ಸಾಲಿನಲ್ಲಿ ಸಂಭಾವಿತರಾಗಿ ನಿಂತವು. ಮೀನು ಬಲೆಗೆ ಬೀಳುವ ಮೊದಲು ಟೇಪು ಹಿಡಿದು ನೋಡುವುದಿಲ್ಲವಲ್ಲ.

ಈಗ ಪ್ರಮಾಣ ವಿಚಾರ. ಇದು ಈ ಪ್ರಬಂಧದ ಹೃದಯ. ಅವಸರದ ಓದುಗರು ಇದೊಂದನ್ನು ಓದಿ ಉಳಿದದ್ದನ್ನು ಬಿಟ್ಟರೂ ಬೇಸರವಿಲ್ಲ. 1983ರಿಂದ ಯುರೋಪಿನ ಸಚಿವರು ಮುಂದಿನ ವರ್ಷ ಯಾವ ಮೀನು ಎಷ್ಟು ಟನ್ ಎಂದು ಕೂತು ತೀರ್ಮಾನಿಸುತ್ತಿದ್ದರು. ಡಿಸೆಂಬರಿನ ಆ ಸಭೆಗಳು ಎಷ್ಟೋ ಸಲ ಬೆಳಗಿನ ಜಾವದವರೆಗೆ ಎಳೆದವು. 2020ರ ಕೊನೆಗೆ ಬ್ರಿಟನ್ ಆ ಪಂಕ್ತಿಯಿಂದ ಎದ್ದು ಬಂತು. ಆದರೆ ಮನೆಯೊಳಗೆ ಹಂಚಿಕೊಳ್ಳುವ ಸೂತ್ರ ಬಹುಮಟ್ಟಿಗೆ 1999ರದ್ದೇ. ಆ ವರ್ಷ ದೊಡ್ಡ ದೋಣಿಗಳಿಗೆ ಕಾಯಂ ಪಾಲು ಗೊತ್ತುಮಾಡಿದರು. ಆಧಾರ, 1994ರಿಂದ 96ರವರೆಗೆ ಹಿಡಿದ ಮೀನಿನ ದಾಖಲೆ. ಸಣ್ಣ ದೋಣಿಯವರು ಲೆಕ್ಕ ಬರೆದಿಡಬೇಕೆಂಬ ಕಾನೂನೇ ಆಗ ಇರಲಿಲ್ಲ. ಇಲ್ಲದ ಕಾನೂನನ್ನು ಅವರು ಚಾಚೂತಪ್ಪದೆ ಪಾಲಿಸಿದ್ದರು.

ನಮ್ಮ ತರ್ಕಶಾಸ್ತ್ರದ ಕಣ್ಣಿಂದ ನೋಡಿದರೆ ವಿಷಯ ತಿಳಿಯಾಗುತ್ತದೆ. ದೊಡ್ಡ ದೋಣಿಯ ಮೀನು ಶಬ್ದಪ್ರಮಾಣದಿಂದ, ಅಂದರೆ ಲಾಗ್‌ಬುಕ್ಕಿನಿಂದ ಸಿದ್ಧ. ಸಣ್ಣ ದೋಣಿಯ ಮೀನು ಅನುಮಾನಪ್ರಮಾಣದಿಂದ, ಅಂದರೆ ಅಧಿಕಾರಿಯ ಅಂದಾಜಿನಿಂದ ಸಿದ್ಧ. ಬುಟ್ಟಿಯಲ್ಲಿ ಬಾಲ ಬಡಿಯುತ್ತಿದ್ದ ಪ್ರತ್ಯಕ್ಷ ಮೀನಿಗೆ ಯಾವ ಪ್ರಾಮಾಣ್ಯವೂ ಇರಲಿಲ್ಲ. 2005ರಲ್ಲಿ ಮೀನು ಕೊಳ್ಳುವವರೂ ಮಾರುವವರೂ ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂದಾಗ, ಸಣ್ಣವರು ಹಿಡಿಯುತ್ತಿದ್ದದ್ದು ಅಂದಾಜಿಗಿಂತ ಹೆಚ್ಚೆಂದು ಬಯಲಾಯಿತು. ಅಷ್ಟರಲ್ಲಿ ಎಲೆ ಎತ್ತಿಯಾಗಿತ್ತು. ದೋಣಿಗಳ ಸಂಖ್ಯೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿರುವವರಿಗೆ ಕೋಟಾದಲ್ಲಿ ಸಿಕ್ಕಿದ್ದು ಉಪ್ಪಿನಕಾಯಿಯಷ್ಟು. ಅತ್ತ, ನೂರು ಮೀಟರಿಗೂ ಉದ್ದದ, ಡಚ್ ಒಡೆತನದ 'ಕಾರ್ನೆಲಿಸ್ ವ್ರೋಲಿಕ್' ಎಂಬ ಒಂದೇ ಟ್ರಾಲರ್ ಇಂಗ್ಲೆಂಡಿನ ಕೋಟಾದ ಶೇ. 23ರಷ್ಟನ್ನು ಹೊಂದಿದೆ ಎಂಬುದು 2014ರಲ್ಲಿ ದೊಡ್ಡ ಸುದ್ದಿಯಾಯಿತು.

ಪೂರ್ವಪಕ್ಷಿ ಕೇಳಬಹುದು: ಇದ್ದಷ್ಟು ಹಿಡಿದುಕೊಂಡು ಸುಮ್ಮನಿರಬಾರದೇ? ಅವನನ್ನು ಇಂಗ್ಲೆಂಡಿನ ಹೇಸ್ಟಿಂಗ್ಸ್ ಊರಿಗೆ ಕಳಿಸಬೇಕು. ಅಲ್ಲಿ ಬಂದರಿಲ್ಲ, ಬರೀ ಬೆಣಚುಕಲ್ಲಿನ ದಂಡೆ. ದೋಣಿಯನ್ನು ಯಂತ್ರದಿಂದ ನೀರಿಗೆ ನೂಕಬೇಕು, ವಾಪಸು ಬಂದಾಗ ವಿಂಚಿಗೆ ಕಟ್ಟಿ ಕಲ್ಲಿನ ಮೇಲೆ ಜಗ್ಗಬೇಕು. ನೈರುತ್ಯದ ಗಾಳಿ ಎದ್ದರೆ ವಾರಗಟ್ಟಲೆ ದಂಡೆಯೇ ಗತಿ. ಆದರೆ ಪಡಿ ತಿಂಗಳ ಲೆಕ್ಕದ್ದು: ಈ ತಿಂಗಳು ಇಂತಿಷ್ಟು ಕಿಲೋ. ಗಾಳಿ ತಿಂದ ದಿನಗಳನ್ನು ಯಾರೂ ಮರಳಿಸುವುದಿಲ್ಲ. ನಾಲಗೆಮೀನಿಗೆಂದು ಬಿಟ್ಟ ಬಲೆಗೆ ಕಾಡ್ ಮೀನು ಕರೆಯದೆ ಬರುತ್ತದೆ. ಅದಕ್ಕೆ ತಾರೀಕೂ ಗೊತ್ತಿಲ್ಲ, ತನ್ನ ಕೋಟಾ ಮುಗಿದ ಸಂಗತಿಯೂ ಗೊತ್ತಿಲ್ಲ. ಮೊದಲೆಲ್ಲ ಹೆಚ್ಚಿಗೆ ಬಂದದ್ದನ್ನು, ಸತ್ತದ್ದಾದರೂ ಸರಿ, ಸಮುದ್ರಕ್ಕೆ ಎಸೆಯಬೇಕಿತ್ತು. ಇದು ಮೀನಿನ ಸಂತತಿಯ ರಕ್ಷಣೆಗಾಗಿ. 2019ರ ಹೊತ್ತಿಗೆ ಕೋಟಾದ ಮೀನುಗಳನ್ನೆಲ್ಲ ಎಸೆಯದೆ ದಡಕ್ಕೆ ತರಬೇಕೆಂಬ ನಿಯಮ ಪೂರ್ತಿ ಜಾರಿಗೆ ಬಂತು. ಹಾಗಾದರೆ ಕೋಟಾ ಮುಗಿದ ಮೇಲೆ ಬಂದ ಕಾಡ್‌ಗೆ ಏನು ಮಾಡುವುದು? ಎಸೆದರೆ ಒಂದು ತಪ್ಪು, ತಂದರೆ ಇನ್ನೊಂದು. ವಿನಾಯಿತಿಗಳು ಕೆಲವಿವೆ, ಅವನ್ನು ಓದಿ ಮುಗಿಸಲು ದಂಡೆಯ ಮೇಲೆ ಬಿಡುವಂತೂ ಧಾರಾಳವಾಗಿದೆ.

ಕೋಟಾ ಬಾಡಿಗೆಗೂ ಸಿಗುತ್ತದೆ. ಪಾಲು ಹೊಂದಿದವನು ಕಡಲಿಗೆ ಇಳಿಯಲೇಬೇಕೆಂದಿಲ್ಲ. ಮನೆಚಪ್ಪಲಿ ಮೆಟ್ಟಿಕೊಂಡು ಹಾಗೆ ಬಾಡಿಗೆ ಎಣಿಸುವ ತಂಡೇಲರನ್ನು ಅಲ್ಲಿನವರು ಚಪ್ಪಲಿಯ ಹೆಸರಿನಿಂದಲೇ ಆಡಿಕೊಳ್ಳುತ್ತಾರೆ. ಬಳಸದೆ ಉಳಿದ ಕೋಟಾದ ಒಂದಿಷ್ಟನ್ನು ಸರ್ಕಾರ ಸಣ್ಣವರ ಹಂಡೆಗೆ ಸುರಿಯಹೊರಟಾಗ ದೊಡ್ಡವರ ಸಂಘಗಳು ಕೋರ್ಟಿಗೆ ಹೋದವು. 2013ರಲ್ಲಿ ಲಂಡನ್ನಿನ ಹೈಕೋರ್ಟು ಸರ್ಕಾರ ಮಾಡಿದ್ದು ಸರಿ ಎಂದಿತು. ಮುಟ್ಟದೆ ಬಿಟ್ಟ ಅನ್ನಕ್ಕೂ ವಕೀಲರು ಸಿಗುತ್ತಾರೆಂಬುದು ಈ ಶಾಸ್ತ್ರದ ಉಪಲಬ್ಧಿಗಳಲ್ಲಿ ಒಂದು.

ನಮ್ಮ ಕರಾವಳಿಯಲ್ಲಿ ಕೋಟಾ ಇಲ್ಲ, ಪಂಚಾಂಗ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗೆ ವಿನಾಯಿತಿ. ಅಲ್ಲಿಯೂ ಹತ್ತು, ಇಲ್ಲಿಯೂ ಹತ್ತು. ಸಣ್ಣವರನ್ನು ಅಳೆಯಲು ಕೈಬೆರಳು ಮುಗಿಯುವವರೆಗೆ ಮಾತ್ರ ಎಣಿಸಬೇಕೆಂಬ ನಿಯಮವಿದ್ದೀತೇ ಎಂಬುದನ್ನು ಪಿಎಚ್‌ಡಿಗೆ ವಿಷಯ ಹುಡುಕುತ್ತಿರುವವರಿಗೆ ಬಿಟ್ಟುಕೊಡುತ್ತೇನೆ. ಮಲ್ಪೆ, ಗಂಗೊಳ್ಳಿಯ ನಾಡದೋಣಿಯವರಿಗೆ ಮಾತ್ರ ಒಂದು ಸೂಚನೆ: ಈ ಸಂಜೆಯೇ ಅಂಗಡಿಗೆ ಹೋಗಿ ಇನ್ನೂರು ಪುಟದ ನೋಟುಪುಸ್ತಕವೊಂದನ್ನು ಕೊಳ್ಳಿ. ಬಂಗುಡೆ ಎಷ್ಟು, ಭೂತಾಯಿ ಎಷ್ಟು ಎಂದು ದಿನವೂ ಬರೆದು, ತಾರೀಕು ಹಾಕಿ, ಸಾಧ್ಯವಾದರೆ ಯಾರಿಂದಲಾದರೂ ಒಂದು ಸೀಲು ಹೊಡೆಸಿಟ್ಟುಕೊಳ್ಳಿ. ರಟ್ಟು ಗಟ್ಟಿಯಿರಲಿ, ಉಪ್ಪುನೀರು ತಾಗುತ್ತದೆ.